ಅಂಪೈರ್ ಎಷ್ಟು ಮಾತಾಡಬೇಕು? ಶನಿವಾರ ಒಂದೇ ಮ್ಯಾಚ್‌ನಲ್ಲಿ ಎರಡು ಸಲ ಸಿಕ್ಕಿಬಿದ್ದೆ

ಪ್ಲೇಟ್_ಹಿಂದೆ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶನಿವಾರ ಇಲ್ಲಿ ಹೈಸ್ಕೂಲ್ ಹುಡುಗಿಯರ ಸಾಫ್ಟ್‌ಬಾಲ್ ಮ್ಯಾಚ್ ಇತ್ತು. ಬೇಸ್‌ಬಾಲ್ ಥರದ ಆಟ: ಬಾಲ್ ಹೊಡೆದವರು ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ತುಳಿದು ವಾಪಸ್ ಹೋಮ್ ಪ್ಲೇಟ್ ಸೇರಬೇಕು. ಆ ಪ್ಲೇಟ್ ಹಿಂದೆ ನಿಲ್ಲುವ ಅಂಪೈರ್ ನಾನು. ಬೇಸ್ ಕಡೆ ನಿಲ್ಲಬೇಕಾದವರು ಬರಲಿಲ್ಲ. ಇಡೀ ಮೈದಾನಕ್ಕೆ ನಾನೊಬ್ಬನೇ ಆದೆ.

ಮೂರನೇ ಇನ್ನಿಂಗ್ಸ್. ಒಬ್ಬ ಹುಡುಗಿ ಹೊಡೆದ ಬಾಲ್ ಥರ್ಡ್ ಬೇಸ್ ದಾಟಿ ಸರಿಯಾಗಿ ಗೆರೆ ಮೇಲೆ ಬಿತ್ತು. ಸುಣ್ಣದ ಪುಡಿ ಎದ್ದಿದ್ದು ನನಗೆ ಕಾಣಿಸಿತು. ಗೆರೆ ಮೇಲೆ ಬಿದ್ದರೆ ಫೇರ್, ಓಡಬೇಕು. ಗೆರೆ ಆಚೆ ಬಿದ್ದರೆ ಫೌಲ್. ಕಲಿತ ಹಾಗೆ ಬಾಯಿ ಮುಚ್ಚಿಕೊಂಡು ಮೈದಾನದ ಒಳಗಡೆ ಕೈ ತೋರಿಸಿದೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮಕ್ಕಳು 'ಫೌಲ್, ಫೌಲ್' ಅಂತ ಕಿರುಚಿದರು. ಈ ಹುಡುಗಿ ನಾಲ್ಕು ಹೆಜ್ಜೆ ಓಡಿದವಳು ನಿಂತೇಬಿಟ್ಟಳು. ಬಾಲ್ ಬಂತು, ಫಸ್ಟ್ ಬೇಸಲ್ಲಿ ಔಟ್. ಅವರ ಮೇಷ್ಟ್ರು ಓಡಿ ಬಂದು, 'ಸರ್, ಫೇರ್ ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?' ಅಂದರು.

ಐದನೇ ಇನ್ನಿಂಗ್ಸ್. ಒಬ್ಬಳು ಫಸ್ಟಿಂದ ಥರ್ಡಿಗೆ ಓಡಿದಳು. ಸೆಕೆಂಡ್ ಬೇಸ್ ತುಳಿಯಲಿಲ್ಲ. ಒಂದು ಗೇಣು ದೂರ ಇತ್ತು, ನಾನು ಕಣ್ಣಾರೆ ನೋಡಿದೆ. ಸುಮ್ಮನಿದ್ದೆ. ಆದರೆ ಮುಂದಿನ ಪಿಚ್ (ಎಸೆತ) ಹಾಕುವ ಮೊದಲು ಎದುರು ಟೀಮಿನ ಕ್ಯಾಪ್ಟನ್ ಹುಡುಗಿ ನನ್ನ ಹತ್ತಿರ ಬಂದು, 'ಸರ್, ಅವಳು ಸೆಕೆಂಡ್ ಬೇಸ್ ತುಳಿದ್ಲಾ?' ಅಂತ ಮೆಲ್ಲಗೆ ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. 'ನಾನು ನೋಡಲಿಲ್ಲಮ್ಮ' ಅಂದೆ.

ಅದು ಸುಳ್ಳು. ರಾತ್ರಿ ನಿದ್ದೆ ಬರಲಿಲ್ಲ. ನಾನು ಎಲ್ಲಿ ಬಾಯಿ ಬಿಡಬೇಕಿತ್ತು, ಎಲ್ಲಿ ಬಿಡಬಾರದಿತ್ತು, ತಿಳಿದವರು ಹೇಳಿ.

ಮಲ್ನಾಡ್_ಮೇಷ್ಟ್ರು, ಚಿಕ್ಕಮಗಳೂರು

ಮೊದಲನೆಯದರಲ್ಲಿ ನೀವು ಮಾಡಿದ್ದು ನೂರಕ್ಕೆ ನೂರು ಸರಿ. ಎರಡನೆಯದರಲ್ಲಿ ಮುಕ್ಕಾಲು ಪಾಲು ಸರಿ.

ಫೇರ್ ಅಂತ ಯಾಕೆ ಕೂಗಬಾರದು ಅಂದರೆ, ಆ ಎರಡು ಪದಗಳನ್ನು ಒಂದರ ಪಕ್ಕ ಒಂದು ಇಟ್ಟು ಕೂಗಿ ನೋಡಿ. ಫೇರ್, ಫೌಲ್. ಎರಡೂ 'ಫ'ದಿಂದ ಶುರು. ನಮ್ಮ ಕಡೆ ಬಾಯಲ್ಲಂತೂ ಎರಡೂ 'ಪ' ಆಗುತ್ತವೆ. ಗಾಳಿಗೆ, ಗದ್ದಲಕ್ಕೆ ನೂರು ಅಡಿ ಆಚೆ ಕೇಳುವುದು ಆ ಒಂದು 'ಪ' ಮಾತ್ರ. ಓಡುತ್ತಿರುವ ಮಗು ಫೌಲ್ ಅಂದುಕೊಂಡು ನಿಲ್ಲುತ್ತೆ. ಅದಕ್ಕೇ ಬೇಸ್‌ಬಾಲ್‌ನಲ್ಲೂ ಸಾಫ್ಟ್‌ಬಾಲ್‌ನಲ್ಲೂ ಕಟ್ಟುನಿಟ್ಟು: ಫೌಲ್ ಆದರೆ ಎರಡೂ ಕೈ ಎತ್ತಿ ಜೋರಾಗಿ ಕೂಗು. ಫೇರ್ ಆದರೆ ಬರೀ ಕೈ, ಬಾಯಿಗೆ ಬೀಗ. ಕೂಗು ಕೇಳಿಸಲಿಲ್ಲ ಅಂದರೆ ಆಟ ನಡೀತಿದೆ ಅಂತಲೇ ಅರ್ಥ.

ಇನ್ನೊಂದು ವಿಷಯ. ಫೌಲ್ ಅಂದ ಕೂಡಲೇ ಆಟ ನಿಲ್ಲುತ್ತೆ. ತಪ್ಪಾಗಿ ಕೂಗಿದರೆ ವಾಪಸ್ ತೆಗೆದುಕೊಳ್ಳುವುದು ಬಹಳ ಕಷ್ಟ. ಎಲ್ಲರೂ ಕೈ ಬಿಟ್ಟು ನಿಂತುಬಿಟ್ಟಿರುತ್ತಾರೆ. ಹಾಗಾಗಿ ಆ ಕೂಗು ದುಡ್ಡಿದ್ದ ಹಾಗೆ, ಸುಮ್ನೆ ಖರ್ಚು ಮಾಡಬಾರದು.

ಎರಡನೆಯದಕ್ಕೆ ಸಂಜೆ ಬರೆಯುತ್ತೇನೆ. ಕರೆಂಟ್ ಹೋಯ್ತು.

ಥರ್ಡ್‌ಬೇಸ್_ಕೋಚ್, ಚನ್ನರಾಯಪಟ್ಟಣ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೀನಿ, ಒಪ್ಪೋದಿಲ್ಲ. ನಮ್ಮ ಮಕ್ಕಳು ಸಾಫ್ಟ್‌ಬಾಲ್ ಮುಟ್ಟೋದೇ ವರ್ಷಕ್ಕೆ ಎರಡು ತಿಂಗಳು. ತಾಲ್ಲೂಕು ಮಟ್ಟದ ಆಟ ಹತ್ತಿರ ಬಂದಾಗ ಬೀರುವಿಂದ ಬ್ಯಾಟ್ ಆಚೆ ಬರುತ್ತೆ. ರೂಲ್ ಬುಕ್ ಓದಿದ ಮಕ್ಕಳು ಎಷ್ಟು ಜನ ಇದ್ದಾರೆ? ಇಂಥ ಕಡೆ ಅಂಪೈರ್ ಸ್ವಲ್ಪ ಬಾಯಿ ಬಿಟ್ಟರೆ ಏನು ತಪ್ಪು? ದೊಡ್ಡವರ ಆಟದ ನಿಯಮ ತಂದು ಎಂಟನೇ ಕ್ಲಾಸಿನ ಹುಡುಗಿ ಮೇಲೆ ಹಾಕಿದರೆ ಹೇಗೆ?

ಮಲ್ನಾಡ್_ಮೇಷ್ಟ್ರು, ಚಿಕ್ಕಮಗಳೂರು

ಕೋಚ್ ಸಾಹೇಬರೇ, ನಿಮ್ಮ ಹೆಸರಲ್ಲೇ ಉತ್ತರ ಇದೆಯಲ್ಲ. ಬ್ಯಾಟಿಂಗ್ ಟೀಮಿಗೆ ಫಸ್ಟ್ ಬೇಸ್ ಹತ್ತಿರ ಒಬ್ಬ, ಥರ್ಡ್ ಬೇಸ್ ಹತ್ತಿರ ಒಬ್ಬ ಕೋಚ್ ನಿಲ್ಲಬಹುದು. ಅಂಪೈರ್ ಕೈ ನೋಡಿ 'ಓಡು, ಓಡು' ಅಂತ ಕೂಗೋದು ಅವರ ಕೆಲಸ. ಶನಿವಾರ ಫಸ್ಟ್ ಬೇಸ್ ಹತ್ತಿರ ಕೋಚ್ ನಿಲ್ಲುವ ಪೆಟ್ಟಿಗೆಯಲ್ಲಿ ಯಾರಿದ್ದರು ಅಂತ ಕೇಳಿ ನೋಡಿ.

ಪ್ಲೇಟ್_ಹಿಂದೆ, ಹಾಸನ

ಯಾರೂ ಇರಲಿಲ್ಲ ಸರ್. ಮೇಷ್ಟ್ರು ಶಾಮಿಯಾನದಲ್ಲಿ ಟೀ ಕುಡಿಯುತ್ತಿದ್ದರು.

ಥರ್ಡ್‌ಬೇಸ್_ಕೋಚ್, ಚನ್ನರಾಯಪಟ್ಟಣ

ಅದು ನಾನಲ್ಲ 😀 ಆದ್ರೂ ನನ್ನ ಮಾತು ವಾಪಸ್ ತಗೊಳ್ಳಲ್ಲ.

ಟೆನಿಸ್‌ಬಾಲ್_ಬೇಲೂರು

ನಾನು ಕ್ರಿಕೆಟ್ ಅಂಪೈರ್, ಭಾನುವಾರದ ಟೂರ್ನಮೆಂಟ್‌ಗಳಿಗೆ ಹೋಗ್ತೀನಿ. ಸಾಫ್ಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಆದರೆ ಈ ಗೋಳು ನಮ್ಮಲ್ಲೂ ಇದೆ.

ನಮ್ಮಲ್ಲಿ ನೋಬಾಲ್, ವೈಡ್ ಆಗಿದ್ದ ಕೂಡಲೇ ಬಾಯಲ್ಲೂ ಹೇಳಬೇಕು, ಕೈಯಲ್ಲೂ ತೋರಿಸಬೇಕು. ಯಾಕಂದ್ರೆ ಬಾಲ್ ಇನ್ನೂ ಆಟದಲ್ಲಿದೆ, ಬ್ಯಾಟ್ಸ್‌ಮನ್‌ಗೆ ಅದು ಗೊತ್ತಾಗಬೇಕು. ಅದೇ ಲೆಗ್‌ಬೈ, ಬೌಂಡರಿ ಎಲ್ಲ ಬಾಲ್ ಡೆಡ್ ಆದಮೇಲೆ, ಸ್ಕೋರರ್‌ಗೋಸ್ಕರ. ಅವನು ವಾಪಸ್ ಕೈ ಎತ್ತೋವರೆಗೆ ಕಾಯಬೇಕು.

ಔಟ್ ವಿಷಯದಲ್ಲಿ ಮಾತ್ರ ಅಪೀಲ್ ಇಲ್ಲದೆ ಬೆರಳು ಎತ್ತೋ ಹಾಗೇ ಇಲ್ಲ. ಬ್ಯಾಟ್ಸ್‌ಮನ್ ತಾನೇ ನಡೆದರೆ ಬೇರೆ ಮಾತು. ಒಂದು ಸಲ ಕೀಪರ್ ಕ್ಯಾಚ್, ನನಗೆ 'ಟಿಕ್' ಅಂತ ಸ್ಪಷ್ಟವಾಗಿ ಕೇಳಿಸಿತು. ಬೌಲರ್, ಕೀಪರ್ ಯಾರೂ ಬಾಯಿ ಬಿಡಲಿಲ್ಲ. ನಾನು ಕಲ್ಲಿನ ಥರ ನಿಂತೆ. ಬೌಲರ್ ವಾಪಸ್ ನಡೀತಾ, 'ಅಣ್ಣ, ತಾಗಿತ್ತಾ?' ಅಂದ. 'ಮುಂದಿನ ಬಾಲ್ ಹಾಕಪ್ಪ' ಅಂದೆ. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಹಾಸನದವರೇ, ನಿಮ್ಮ ಸೆಕೆಂಡ್ ಬೇಸಿಗೂ ಇದೇ ಮದ್ದು.

ಅಂದಹಾಗೆ ನಮ್ಮ ಜಿಲ್ಲೆಯ ಜಾವಗಲ್ ಊರಿನ ಹೆಸರು ಹೊತ್ತ ಶ್ರೀನಾಥ್ 2006ರಿಂದ ಐಸಿಸಿ ಮ್ಯಾಚ್ ರೆಫರಿ. ಎಷ್ಟು ವರ್ಷ ಆಯ್ತು, ಅವರು ಜೋರಾಗಿ ಮಾತಾಡಿದ್ದು ನಾನಂತೂ ನೋಡಿಲ್ಲ. ಟಾಸ್ ಬಿಟ್ಟರೆ ಕಾಣಿಸೋದೇ ಕಡಿಮೆ.

ಸ್ಕೋರ್_ಬುಕ್, ಹಾಸನ

ಎಲ್ಲರೂ ಆಟಗಾರರ ಬಗ್ಗೆ ಮಾತಾಡ್ತಿದ್ದೀರಿ. ಸ್ಕೋರ್ ಬರೆಯೋರ ಕಷ್ಟ ಕೇಳೋರಿಲ್ಲ.

ನಾವು ಕೂರೋದು ಪ್ಲೇಟ್ ಹಿಂದೆ, ಬಲೆಯ ಆಚೆ. ಅಂಪೈರ್ ಕೌಂಟ್ ತೋರಿಸೋದು ಮುಂದಕ್ಕೆ, ಬಾಲ್ ಎಸೆಯೋ ಪಿಚರ್‌ಗೆ. ಎಡಗೈಯಲ್ಲಿ 'ಬಾಲ್' (ಸರಿಯಿಲ್ಲದ ಎಸೆತ) ಎಷ್ಟು, ಬಲಗೈಯಲ್ಲಿ 'ಸ್ಟ್ರೈಕ್' (ಬ್ಯಾಟರ್ ಲೆಕ್ಕಕ್ಕೆ ಬೀಳುವ ಎಸೆತ) ಎಷ್ಟು ಅಂತ ಬೆರಳು. ನಮಗೆ ಕಾಣೋದು ಅವರ ಬೆನ್ನು ಮತ್ತು ಬೆವರಲ್ಲಿ ಒದ್ದೆಯಾದ ಅಂಗಿ. ಬಾಯಲ್ಲಿ ಹೇಳದಿದ್ದರೆ ನಾನು ಗೀಚಿದ್ದೇ ಲೆಕ್ಕ. ಒಂದು ಮ್ಯಾಚಲ್ಲಿ ನನ್ನ ಪುಸ್ತಕದಲ್ಲಿ ಮೂರು ಬಾಲ್, ಅಂಪೈರ್ ಕೈಲಿದ್ದ ಎಣಿಸುವ ಕ್ಲಿಕರ್‌ನಲ್ಲಿ ಎರಡು. ಇಬ್ಬರೂ ಹತ್ತು ನಿಮಿಷ ಜಗಳ ಆಡಿದೆವು.

ಕೌಂಟ್ ಜೋರಾಗಿ ಹೇಳಿ, ತಲೆ ಮೇಲೆ ಕೈ ಎತ್ತಿ ತೋರಿಸಿ. ಇಷ್ಟೇ ನನ್ನ ಬೇಡಿಕೆ.

ಕಾಫಿಗಿಡ, ಮೂಡಿಗೆರೆ

ಅಂಪೈರ್ ಜೋರಾಗಿ ಹೇಳಲಿ ಅಂತ ಎಲ್ಲರೂ ಅಂತೀರಿ. ಆ ಮೈಕ್ ಸೆಟ್ ನಿಲ್ಲಿಸೋರು ಯಾರು? ನಮ್ಮೂರ ಟೂರ್ನಮೆಂಟಲ್ಲಿ ನಾಲ್ಕು ಕಂಬಕ್ಕೆ ನಾಲ್ಕು ಹಾರ್ನ್. ಕಾಮೆಂಟರಿ ಹೇಳುವ ಅಣ್ಣನಿಗೆ ಉಸಿರು ತಗೊಳ್ಳೋ ಅಭ್ಯಾಸ ಇಲ್ಲ. ಅಂಪೈರ್ ಯೋಚನೆ ಮಾಡ್ತಿರುವಾಗಲೇ ಮೈಕಲ್ಲಿ 'ಔಟ್! ಔಟ್!' ಅಂದುಬಿಟ್ಟ. ಬ್ಯಾಟ್ಸ್‌ಮನ್ ಅರ್ಧ ದಾರಿ ನಡೆದು ಬಂದ. ಅಂಪೈರ್ ನಾಟ್ ಔಟ್ ಅಂತ ತಲೆ ಅಲ್ಲಾಡಿಸ್ತಾ ಇದ್ದಾರೆ, ಪಾಪ, ಯಾರೂ ನೋಡ್ತಿಲ್ಲ.

ಮಲ್ನಾಡ್_ಮೇಷ್ಟ್ರು, ಚಿಕ್ಕಮಗಳೂರು

ಕರೆಂಟ್ ಬಂತು.

ನಿಮ್ಮಲ್ಲಿ ಮೈಕು, ನಮ್ಮಲ್ಲಿ ಮಂಜು. ಜುಲೈ ಆಗಸ್ಟಲ್ಲಿ ಇಲ್ಲಿ ಮ್ಯಾಚ್ ಇಟ್ಟರೆ ಬೆಟ್ಟದ ಕಡೆಯಿಂದ ಮಂಜು ಇಳಿದು ಔಟ್‌ಫೀಲ್ಡ್ ಮಾಯ ಆಗುತ್ತೆ. ಲೆಫ್ಟ್ ಫೀಲ್ಡ್ ಹುಡುಗನಿಗೆ ನನ್ನ ಕೈ ಎಲ್ಲಿ ಕಾಣಬೇಕು? ಅಲ್ಲಿ ಬಾಯಿಯೇ ಗತಿ. ಮೈಕ್ ಇರುವ ಕಡೆ ಕೈಯೇ ಗತಿ. ಎರಡನ್ನೂ ರೂಢಿ ಮಾಡಿಕೊಳ್ಳಿ ಅಂತ ನಾನು ಹೊಸಬರಿಗೆ ಹೇಳೋದು ಇದಕ್ಕೇ.

ಈಗ ಸೆಕೆಂಡ್ ಬೇಸ್ ವಿಷಯ. ಬೇಸ್ ತುಳಿಯದೆ ಓಡಿದರೆ ಅಂಪೈರ್ ತಾನಾಗಿ ಹೇಳಬಾರದು. ಎದುರು ಟೀಮು ಮುಂದಿನ ಪಿಚ್ ಹಾಕುವ ಮೊದಲು ಅಪೀಲ್ ಮಾಡಬೇಕು. ಮಾಡದಿದ್ದರೆ ಆ ಓಟ ಊರ್ಜಿತ. ಬ್ಯಾಟಿಂಗ್ ಸರದಿ ತಪ್ಪಿ ಬೇರೆಯವರು ಬಂದು ನಿಂತರೂ ಅಷ್ಟೇ. ಬೇಸ್‌ಬಾಲ್ ನಿಯಮದಲ್ಲಂತೂ ಅಂಪೈರ್ ಅದನ್ನು ಯಾರ ಗಮನಕ್ಕೂ ತರಕೂಡದು ಅಂತ ನೇರವಾಗಿಯೇ ಇದೆ. ರನ್ನರ್ ಹೋಮ್ ಪ್ಲೇಟ್ ಮುಟ್ಟದೆ ಜಾರಿ ಹೋದ, ಕ್ಯಾಚರ್ (ನಮ್ಮ ಕೀಪರ್ ಇದ್ದ ಹಾಗೆ) ಕೂಡ ಬಾಲ್ ಹಿಡಿದು ಅವನನ್ನು ಮುಟ್ಟಲಿಲ್ಲ ಅಂತ ಇಟ್ಟುಕೊಳ್ಳಿ. ಆಗ ಬೇಸ್‌ಬಾಲ್ ಅಂಪೈರ್ ಸೇಫೂ ಅನ್ನಲ್ಲ, ಔಟೂ ಅನ್ನಲ್ಲ. ಸುಮ್ಮನೆ ನಿಲ್ಲುತ್ತಾನೆ. ಹುಷಾರಾಗಿರುವವನಿಗೆ ಆ ಸುಮ್ಮನೆ ನಿಂತಿದ್ದರಲ್ಲೇ ಸುದ್ದಿ ಇರುತ್ತೆ.

ನೀವು ಸುಮ್ಮನಿದ್ದದ್ದು ಸರಿ. 'ನೋಡಲಿಲ್ಲ' ಅಂದಿದ್ದು ಮಾತ್ರ ಸರಿಯಲ್ಲ. ಆ ಮಗು ಕೇಳಿದ್ದು ಪ್ರಶ್ನೆ, ಅಪೀಲ್ ಅಲ್ಲ. 'ಅಪೀಲ್ ಮಾಡ್ತಿದ್ದೀಯೇನಮ್ಮಾ?' ಅಂತ ತಿರುಗಿ ಕೇಳಬಹುದಿತ್ತು.

ಟೆನಿಸ್‌ಬಾಲ್_ಬೇಲೂರು

ಮೇಷ್ಟ್ರೇ, ಅದು ಹೇಳಿಕೊಟ್ಟ ಹಾಗೇ ಆಯ್ತಲ್ವಾ? ಅಂಪೈರ್ ಹಾಗೆ ಕೇಳಿದ್ರೆ ಯಾವ ಹುಡುಗಿ ಇಲ್ಲ ಅಂತಾಳೆ? ಓಡಿದವಳ ಟೀಮಿನ ಕೋಚ್ ನಾನಾಗಿದ್ದರೆ ಅಲ್ಲೇ ಗಲಾಟೆ ಎಬ್ಬಿಸ್ತಿದ್ದೆ.

ಮಲ್ನಾಡ್_ಮೇಷ್ಟ್ರು, ಚಿಕ್ಕಮಗಳೂರು

ತುಳಿದಿದ್ದರೂ ಅದೇ ಮಾತು ಕೇಳಿದರೆ ಹೇಳಿಕೊಟ್ಟ ಹಾಗೆ ಆಗಲ್ಲ. ಪ್ರತಿ ಸಲವೂ, ಯಾರೇ ಬಂದು ಕೇಳಿದರೂ, ಅದೇ ಮಾತು, ಅದೇ ದನಿ. ನಾನು ಹಾಗೇ ಮಾಡಿಕೊಂಡು ಬಂದಿದ್ದೇನೆ. ಆದರೆ ನೀವು ಹೇಳಿದ್ದರಲ್ಲೂ ಅರ್ಥ ಇದೆ. ನನ್ನ ಜೊತೆಯವರೇ ಎಷ್ಟೋ ಜನ ಇದನ್ನು ಒಪ್ಪಲ್ಲ.

ಖೋಖೋ_ಅರಸೀಕೆರೆ

ನಮ್ಮ ಆಟದಲ್ಲಿ ಉಲ್ಟಾ ನೋಡಿ. ಆಟಗಾರನೇ ಜೋರಾಗಿ ಹೇಳಬೇಕು. ಹಿಂದಿನಿಂದ ಮುಟ್ಟಿ 'ಖೋ' ಅಂತ ಕೇಳಿಸುವ ಹಾಗೆ ಅನ್ನದಿದ್ದರೆ ಫೌಲ್. ಕಬಡ್ಡಿಯಲ್ಲೂ ರೈಡರ್ 'ಕಬಡ್ಡಿ ಕಬಡ್ಡಿ' ಅನ್ನೋದು ಅಂಪೈರ್ ಕಿವಿಗೆ ಬೀಳಬೇಕು. ನಮ್ಮ ಮಣ್ಣಿನ ಆಟಗಳಲ್ಲಿ ಅಂಪೈರ್‌ಗೆ ಕಿವಿ ಮುಖ್ಯ, ಸೀಟಿ ಅವನ ಬಾಯಿ. ಈ ಬೇಸ್‌ಬಾಲಲ್ಲಿ ಸೀಟಿ ಇಲ್ಲ, ಅದಕ್ಕೇ ಇಷ್ಟೆಲ್ಲಾ ಚರ್ಚೆ.

ಥರ್ಡ್‌ಬೇಸ್_ಕೋಚ್, ಚನ್ನರಾಯಪಟ್ಟಣ

ಸರಿ, ಬೇಸ್ ತುಳಿಯದ್ದು ಹೇಳಬಾರದು, ಒಪ್ಪಿದೆ. ಮೂರನೇ ಸ್ಟ್ರೈಕ್ ಕ್ಯಾಚರ್ ಕೈ ತಪ್ಪಿದಾಗ? ಅಲ್ಲಿ ಅಂಪೈರ್ ಹೇಳಲೇಬೇಕು. ನಮ್ಮ ಹುಡುಗಿಯರು ಸ್ಟ್ರೈಕ್ ತ್ರೀ ಅಂದ ಕೂಡಲೇ ಬ್ಯಾಟ್ ಬಿಸಾಕಿ ಅಳ್ತಾ ಬರ್ತಾರೆ. ಓಡಬಹುದು ಅಂತಲೇ ಗೊತ್ತಿರಲ್ಲ.

ಮಲ್ನಾಡ್_ಮೇಷ್ಟ್ರು, ಚಿಕ್ಕಮಗಳೂರು

ಇದು ನಿಜವಾಗಲೂ ಕಷ್ಟದ ಜಾಗ. ಗೊತ್ತಿಲ್ಲದವರಿಗೆ ಹೇಳ್ತೀನಿ: ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಆದರೆ ಮೂರನೇ ಸ್ಟ್ರೈಕನ್ನು ಕ್ಯಾಚರ್ ನೆಲಕ್ಕೆ ತಾಗದ ಹಾಗೆ ಹಿಡಿಯಬೇಕು. ಹಿಡಿಯದಿದ್ದರೆ, ಫಸ್ಟ್ ಬೇಸ್ ಖಾಲಿ ಇದ್ದಾಗ ಅಥವಾ ಆಗಲೇ ಎರಡು ಔಟ್ ಆಗಿದ್ದಾಗ, ಬ್ಯಾಟರ್ ಫಸ್ಟ್ ಬೇಸಿಗೆ ಓಡಬಹುದು. ವೇಗವಾಗಿ ಎಸೆಯುವ ಸಾಫ್ಟ್‌ಬಾಲ್‌ನಲ್ಲೂ (ಫಾಸ್ಟ್‌ಪಿಚ್) ಇದೇ ನಿಯಮ.

2005ರ ಅಕ್ಟೋಬರ್, ಅಮೆರಿಕದ ಬೇಸ್‌ಬಾಲ್, ಅಮೆರಿಕನ್ ಲೀಗ್ ಫೈನಲ್ಸ್‌ನ ಎರಡನೇ ಆಟ. ಚಿಕಾಗೊ ವೈಟ್ ಸಾಕ್ಸ್ ಮತ್ತು ಏಂಜಲ್ಸ್. ಒಂಬತ್ತನೇ ಇನ್ನಿಂಗ್ಸ್, ಸ್ಕೋರ್ 1-1, ಎರಡು ಔಟ್. ವೈಟ್ ಸಾಕ್ಸ್‌ನ ಪಿಯರ್‌ಜಿನ್ಸ್ಕಿ ಬ್ಯಾಟ್ ಬೀಸಿ ತಪ್ಪಿದ, ಮೂರನೇ ಸ್ಟ್ರೈಕ್. ಪ್ಲೇಟ್ ಅಂಪೈರ್ ಡಗ್ ಎಡಿಂಗ್ಸ್ ಕೈ ಚಾಚಿದರು, ಮುಷ್ಟಿಯನ್ನೂ ಮಾಡಿದರು. ಆದರೆ 'ಔಟ್' ಅನ್ನಲಿಲ್ಲ, 'ನೋ ಕ್ಯಾಚ್' ಅಂತಲೂ ಅನ್ನಲಿಲ್ಲ. ಇನ್ನಿಂಗ್ಸ್ ಮುಗೀತು ಅಂದುಕೊಂಡು ಕ್ಯಾಚರ್ ಬಾಲನ್ನು ಪಿಚರ್ ದಿಬ್ಬದ ಕಡೆ ಉರುಳಿಸಿ ನಡೆದೇಬಿಟ್ಟ. ಪಿಯರ್‌ಜಿನ್ಸ್ಕಿ ಒಂದು ಕ್ಷಣ ನೋಡಿದ, ಫಸ್ಟ್ ಬೇಸಿಗೆ ಓಡಿದ. ಅವನ ಬದಲು ಓಡಲು ಬಂದವನು ಯಾರೂ ಹೊಡೆಯುವ ಮೊದಲೇ ಸೆಕೆಂಡ್ ಬೇಸಿಗೆ ನುಗ್ಗಿದ, ಮುಂದಿನ ಹೊಡೆತಕ್ಕೆ ಹೋಮ್ ಸೇರಿದ. ವೈಟ್ ಸಾಕ್ಸ್ 2-1ರಿಂದ ಗೆದ್ದರು. ಆ ವರ್ಷದ ವರ್ಲ್ಡ್ ಸೀರೀಸೂ ಅವರದ್ದೇ.

ಬಾಲ್ ನೆಲಕ್ಕೆ ತಾಗಿತ್ತೋ ಇಲ್ಲವೋ ಅಂತ ಜನ ಇವತ್ತಿಗೂ ಕಿತ್ತಾಡ್ತಾರೆ. ನನಗೆ ಅದು ಮುಖ್ಯವಲ್ಲ. ಆ ಅಂಪೈರ್ ಕೈ ಒಂದು ಹೇಳಿತು, ಬಾಯಿ ಏನೂ ಹೇಳಲಿಲ್ಲ. ಹಾಗಾಗಿ ನಾನು 'ನೋ ಕ್ಯಾಚ್' ಅಂತ ಹೇಳುವ ಕಡೆಯವನು. 'ಓಡು' ಅನ್ನಲ್ಲ. ಏನಾಯಿತೋ ಅಷ್ಟು ಮಾತ್ರ. ಕ್ಯಾಚರ್‌ಗೂ ಕೇಳಿಸುತ್ತೆ, ಬ್ಯಾಟರ್‌ಗೂ ಕೇಳಿಸುತ್ತೆ, ಇಬ್ಬರಿಗೂ ಒಂದೇ ಹೊತ್ತಿಗೆ.

ಕಾಫಿಗಿಡ, ಮೂಡಿಗೆರೆ

ಅಪೀಲಿಗೂ ಇದಕ್ಕೂ ಏನು ವ್ಯತ್ಯಾಸ? ಅದೂ ಆಗಿದ್ದೇ, ಇದೂ ಆಗಿದ್ದೇ. ಅಲ್ಲಿ ಬಾಯಿ ಮುಚ್ಚು, ಇಲ್ಲಿ ಬಾಯಿ ಬಿಡು. ತಲೆ ಕೆಟ್ಟೋಯ್ತು.

ಸ್ಕೋರ್_ಬುಕ್, ಹಾಸನ

ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಬೇಸ್ ಎಲ್ಲರ ಕಣ್ಣಿಗೂ ಕಾಣುತ್ತೆ. ನೋಡದೆ ಇದ್ದರೆ ತಪ್ಪು ನೋಡದವರದ್ದು. ಕ್ಯಾಚರ್ ಗ್ಲೌಸ್ ಕೆಳಗೆ ಏನಾಯ್ತು ಅಂತ ಬ್ಯಾಟರ್‌ಗೆ ಕಾಣಲ್ಲ, ಅದು ಅಂಪೈರ್ ತೀರ್ಮಾನ. ತನ್ನ ತೀರ್ಮಾನವನ್ನು ಅವರು ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಮಲ್ನಾಡ್_ಮೇಷ್ಟ್ರು, ಚಿಕ್ಕಮಗಳೂರು

ಭೇಷ್. ಇನ್‌ಫೀಲ್ಡ್ ಫ್ಲೈ ಕೂಡ ಅದೇ ಲೆಕ್ಕ. ಫಸ್ಟ್ ಮತ್ತು ಸೆಕೆಂಡ್ ಬೇಸಲ್ಲಿ, ಇಲ್ಲವೇ ಮೂರರಲ್ಲೂ ರನ್ನರ್ ಇದ್ದು, ಎರಡು ಔಟ್ ಇನ್ನೂ ಆಗಿಲ್ಲ. ಸುಲಭದ ಕ್ಯಾಚ್ ಮೇಲೆ ಹೋಯಿತು. ಫೀಲ್ಡರ್ ಬೇಕಂತಲೇ ಕೈಬಿಟ್ಟರೆ ಬೇಸಿಗೆ ಅಂಟಿ ನಿಂತ ರನ್ನರ್‌ಗಳು ಇಬ್ಬರೂ ಸಿಕ್ಕಿಬೀಳ್ತಾರೆ. ಆ ಕುತಂತ್ರ ತಪ್ಪಿಸಲಿಕ್ಕೆ ಅಂಪೈರ್ ಬಾಲ್ ಮೇಲಿರುವಾಗಲೇ 'ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್' ಅಂತ ಕೂಗಬೇಕು. ಗೆರೆ ಹತ್ತಿರ ಇದ್ದರೆ 'ಫೇರ್ ಆದರೆ' ಅಂತ ಸೇರಿಸಬೇಕು. ತಡವಾಗಿ ಕೂಗಿದರೆ ಕೂಗದೆ ಇದ್ದ ಹಾಗೇ. 2012ರಲ್ಲಿ ಅಟ್ಲಾಂಟಾದಲ್ಲಿ ಬಾಲ್ ಇನ್ನೇನು ಬೀಳುವಾಗ ಲೆಫ್ಟ್ ಫೀಲ್ಡ್ ಗೆರೆಯ ಅಂಪೈರ್ ಕೈ ಎತ್ತಿದರು. ಜನ ಬಾಟಲಿ, ಕಸ ಎಲ್ಲ ಎಸೆದು ಆಟ 19 ನಿಮಿಷ ನಿಂತಿತು.

ಕೈಮಾತು, ಚಿಕ್ಕಮಗಳೂರು

ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನ ತಂಗಿಯ ಮಗನಿಗೆ ಕಿವಿ ಕೇಳಿಸುವುದಿಲ್ಲ. ಒಳ್ಳೆ ಫೀಲ್ಡರ್. ಅವನ ಪಾಲಿಗೆ ನಿಮ್ಮ ಕೂಗಾಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಮೆರಿಕದಲ್ಲಿ ವಿಲಿಯಂ ಹೋಯ್ ಅಂತ ಒಬ್ಬ ಬೇಸ್‌ಬಾಲ್ ಆಟಗಾರ ಇದ್ದರು. ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ. 1888ರಿಂದ 1902ರವರೆಗೆ ಅಲ್ಲಿನ ದೊಡ್ಡ ಮಟ್ಟದ ಆಟವಾದ ಮೇಜರ್ ಲೀಗ್‌ನಲ್ಲಿ ಆಡಿದರು. 1889ರಲ್ಲಿ ಒಂದೇ ಆಟದಲ್ಲಿ ಔಟ್‌ಫೀಲ್ಡಿಂದ ಎಸೆದು ಮೂವರನ್ನು ಹೋಮ್ ಪ್ಲೇಟಲ್ಲಿ ಔಟ್ ಮಾಡಿಸಿದ್ದರು. ಅಂಪೈರ್ ಕೈಸನ್ನೆ ಶುರುವಾಗಿದ್ದೇ ಅವರಿಗೋಸ್ಕರ ಅಂತ ಕಥೆ ಇದೆ. ಇತಿಹಾಸ ಬರೆದವರು ಅದನ್ನು ಪೂರ್ತಿ ಒಪ್ಪಲ್ಲ. ನಮ್ಮ ಹುಡುಗನಿಗೆ ಮಾತ್ರ ಆ ಕಥೆ ಪ್ರಾಣ.

ನನ್ನದು ಒಂದೇ ಕೋರಿಕೆ. ಎಷ್ಟಾದರೂ ಕೂಗಿ, ಕೈ ಮಾತ್ರ ಮರೆಯಬೇಡಿ. ಮೊನ್ನೆ ಒಂದು ಮ್ಯಾಚಲ್ಲಿ ಅಂಪೈರ್ 'ಟೈಮ್' ಅಂತ ಬಾಯಲ್ಲಿ ಹೇಳಿ, ಕೈ ಎತ್ತದೆ ಷೂ ಲೇಸ್ ಕಟ್ಟಲು ಬಗ್ಗಿದರು. ಎಲ್ಲರೂ ನಿಂತರು, ಇವನೊಬ್ಬ ಓಡ್ತಾ ಇದ್ದ. ಜನ ನಕ್ಕರು.

ಥರ್ಡ್‌ಬೇಸ್_ಕೋಚ್, ಚನ್ನರಾಯಪಟ್ಟಣ

ಅಕ್ಕಾ, ಇದನ್ನು ನಾನು ಯೋಚನೆ ಮಾಡಿರಲೇ ಇಲ್ಲ. ನಾಳೆಯಿಂದ ಫಸ್ಟ್ ಬೇಸ್ ಪೆಟ್ಟಿಗೆಯಲ್ಲಿ ನಾನೇ ನಿಲ್ತೀನಿ, ಕೈ ಬೀಸಿಯೇ ಓಡಿಸ್ತೀನಿ.

ಟೆನಿಸ್‌ಬಾಲ್_ಬೇಲೂರು

ಅಲ್ಲಿ ಮೇಜರ್ ಲೀಗಲ್ಲಿ 2022ರಿಂದ ಅಂಪೈರ್‌ಗೆ ಮೈಕ್ ಕೊಟ್ಟಿದ್ದಾರೆ. ರಿವ್ಯೂ ಆದಮೇಲೆ ತೀರ್ಮಾನವನ್ನು ಸ್ಟೇಡಿಯಂಗೆಲ್ಲ ಕೇಳೋ ಹಾಗೆ ಹೇಳ್ತಾರೆ. ಮೂಡಿಗೆರೆಯವರೇ, ನಿಮ್ಮ ನಾಲ್ಕು ಹಾರ್ನ್ ಅಂಪೈರ್ ಕೈಗೆ ಕೊಡಿ, ಸಮಸ್ಯೆ ಮುಗೀತು.

ಕಾಫಿಗಿಡ, ಮೂಡಿಗೆರೆ

ಕಾಮೆಂಟರಿ ಅಣ್ಣ ಮೈಕ್ ಬಿಟ್ಟುಕೊಟ್ಟರೆ ಕೊಡ್ತೀನಿ. ಮದುವೆ ಮನೆಯಲ್ಲೇ ಬಿಡಲ್ಲ ಆಸಾಮಿ.

ಪ್ಲೇಟ್_ಹಿಂದೆ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಎಂಟು ದಿನ ಆಯಿತು, ಮುಂದೇನಾಯಿತು ಅಂತ ಹೇಳಿಬಿಡ್ತೀನಿ.

ನಿನ್ನೆ ಅದೇ ಎರಡು ಟೀಮು ಅಭ್ಯಾಸದ ಮ್ಯಾಚ್ ಇಟ್ಟುಕೊಂಡಿದ್ದವು. ಶುರುವಾಗುವ ಮೊದಲು ಆ ಕ್ಯಾಪ್ಟನ್ ಹುಡುಗಿಯನ್ನು, ಎದುರು ಟೀಮಿನ ಕ್ಯಾಪ್ಟನ್ನನ್ನು ಇಬ್ಬರನ್ನೂ ಕರೆದೆ. 'ಅವತ್ತು ನಾನು ನೋಡಲಿಲ್ಲ ಅಂದೆ, ಅದು ತಪ್ಪು. ಇನ್ನು ಮೇಲೆ ಕೇಳಬೇಡಿ, ಅನುಮಾನ ಇದ್ದರೆ ಅಪೀಲ್ ಮಾಡಿ. ನಾನು ಸೇಫ್ ಅಥವಾ ಔಟ್ ಅಂತೀನಿ' ಅಂದೆ. ಅವಳು ಏನೂ ಹೇಳಲಿಲ್ಲ, ತಲೆ ಆಡಿಸಿದಳು.

ಆಮೇಲೆ ಶುರುವಾಯಿತು ನೋಡಿ. ಯಾರು ಎಲ್ಲಿಗೆ ಓಡಿದರೂ 'ಅಪೀಲ್ ಸರ್, ಸೆಕೆಂಡ್ ಬೇಸ್!' 'ಅಪೀಲ್ ಸರ್, ಥರ್ಡ್!' ಏಳು ಇನ್ನಿಂಗ್ಸ್‌ನಲ್ಲಿ ಹನ್ನೊಂದು ಸಲ. ಹನ್ನೊಂದೂ ಸೇಫ್. ಕೊನೆಕೊನೆಗೆ ಕೈ ಚಾಚಿ ಚಾಚಿ ನನ್ನ ಭುಜ ನೋವು ಬಂತು. ಸ್ಕೋರ್ ಬರೆಯೋರು ನಗ್ತಾ ಇದ್ದರು.

ತಮಾಷೆ ಏನಂದ್ರೆ, ಒಬ್ಬಳು ನಿಜವಾಗಲೂ ಫಸ್ಟ್ ಬೇಸ್ ತುಳಿಯಲಿಲ್ಲ. ಆ ಒಂದು ಸಲ ಕ್ಯಾಪ್ಟನ್ ನೀರು ಕುಡೀತಿದ್ದ ಗೆಳತಿ ಕಡೆ ತಿರುಗಿದ್ದಳು. ಪಿಚರ್ ಬಾಲ್ ಹಿಡಿದು ನಿಂತಿದ್ದಳು. ನಾನು ಮಾಸ್ಕ್ ಹಾಕಿಕೊಂಡು ಪ್ಲೇಟ್ ಹಿಂದೆ ಬಗ್ಗಿದೆ. ಮುಂದಿನ ಪಿಚ್ ಬಂತು.

ಸ್ಕೋರ್_ಬುಕ್, ಹಾಸನ

ನಿನ್ನೆ ಪುಸ್ತಕ ಬರೆದಿದ್ದು ನಾನೇ ಸರ್! ಯಾವ ಇನ್ನಿಂಗ್ಸ್? ಯಾರು ತುಳಿಯದೆ ಓಡಿದ್ದು?

ಪ್ಲೇಟ್_ಹಿಂದೆ, ಹಾಸನ

ಹೇಳಲ್ಲ.